ಹಾಯಿದೋಣಿಯ ಟರ್ನ್‌ಬಕಲ್ ಕಚ್ಚಿಕೊಂಡಿದೆ, ಟೇಪಿನಡಿ ತುಕ್ಕು

ಪ್ರಶ್ನೆ (ತುಮಕೂರು):
ನನ್ನದು ಹಳೆಯ ಫೈಬರ್ ಹಾಯಿದೋಣಿ. ಚಳಿಗಾಲದಲ್ಲಿ ಟ್ರೇಲರ್ ಮೇಲೆ ಮಲ್ಪೆಗೆ ಒಯ್ಯುತ್ತೇನೆ. ಉಳಿದ ತಿಂಗಳು ಮನೆಯ ಹಿಂದಿನ ಶೆಡ್ಡಿನಲ್ಲಿರುತ್ತದೆ. ಹಾಯಿಕಂಬವನ್ನು ಬಿಗಿದು ನಿಲ್ಲಿಸುವ ತಂತಿಗಳ ಬುಡದ ಟರ್ನ್‌ಬಕಲ್‌ಗಳಿಗೆ (ತಿರುಗಿಸಿ ತಂತಿ ಬಿಗಿಮಾಡುವ ತಿರುಪುಗಳಿಗೆ) ಹಿಂದಿನ ಮಾಲೀಕರು ಟೇಪ್ ಸುತ್ತಿದ್ದರು. ಬಿಚ್ಚಿ ನೋಡಿದರೆ ಕಂದು ಕಲೆ, ತಿರುಪು ತಾನೇ ತಿರುಗದಂತೆ ತೂರಿಸಿದ ಎರಡು ಕಾಲಿನ ಸ್ಪ್ಲಿಟ್ ಪಿನ್ನಿನ ಸುತ್ತ ಸಣ್ಣ ಸಣ್ಣ ಗುಳಿ. ಒಂದು ಟರ್ನ್‌ಬಕಲ್ ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿದೆ. ಕಡಲಿಲ್ಲದ ಊರಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹೇಗೆ? ದೊಡ್ಡ ಸ್ಪ್ಯಾನರ್ ಹಾಕಿ ತಿರುಗಿಸಲೇ?

ಉತ್ತರ (ಕೋಲಾರ):
ದಯವಿಟ್ಟು ಬಲ ಹಾಕಬೇಡಿ. ಸ್ಟೇನ್‌ಲೆಸ್ ಥ್ರೆಡ್ಡುಗಳು (ತಿರುಪಿನ ಸುರುಳಿ ಗೆರೆಗಳು) ಒಣಗಿದ್ದಾಗ ಒತ್ತಡದಲ್ಲಿ ಉಜ್ಜಿದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಗರಗಸವೇ ಗತಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಕೂದಲೆಳೆಯಷ್ಟು ಹಿಂದೆ, ಅಷ್ಟೇ ಮುಂದೆ ಆಡಿಸುತ್ತಾ ಮತ್ತೆ ಎಣ್ಣೆ ಬಿಡಿ. ತಾಳ್ಮೆ ಬೇಕು.

ತುಕ್ಕಿನ ಮೂಲ ಆ ಟೇಪ್. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪದರ. ಅದು ಮತ್ತೆ ಮತ್ತೆ ಕೂಡಿಕೊಳ್ಳಲು ಗಾಳಿ ಬೇಕು. ಟೇಪಿನಡಿ ಸಿಕ್ಕಿದ ಉಪ್ಪು ನಿಮ್ಮೊಂದಿಗೆ ತುಮಕೂರಿಗೂ ಬಂದಿದೆ. ಮಳೆಗಾಲದ ತೇವವನ್ನು ಹೀರಿ ಅಲ್ಲೇ ಒದ್ದೆಯಾಗುತ್ತದೆ. ಗಾಳಿಯಿಲ್ಲ, ಉಪ್ಪುನೀರಿದೆ, ಗುಳಿ ಬೀಳದೆ ಇರುತ್ತದೆಯೇ?

ಟೇಪನ್ನೆಲ್ಲ ಕಿತ್ತು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗಡಸು ಬೋರ್‌ವೆಲ್ ನೀರಾದರೆ ಬಿಳಿ ಪೊರೆ ಉಳಿಯುತ್ತದೆ, ಕೊನೆಯ ಸಲಕ್ಕೆ ಮಳೆನೀರು ಒಳ್ಳೆಯದು. ಕಬ್ಬಿಣದ ನಾರಿನಿಂದ ಉಜ್ಜಬೇಡಿ, ಅದರ ಚೂರುಗಳೇ ತುಕ್ಕಾಗುತ್ತವೆ. ಒಣಗಿದ ಮೇಲೆ ಥ್ರೆಡ್ಡಿಗೆ ಲ್ಯಾನೊಲಿನ್ ಹಚ್ಚಿ. ಶಿರಾ, ಪಾವಗಡದ ಕಡೆ ಹಸಿ ಉಣ್ಣೆ ಮುಟ್ಟಿದವರ ಕೈಗೆ ಅಂಟುವ ಜಿಡ್ಡೇ ಅದು. ನೀರಿಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಸ್ಪ್ಲಿಟ್ ಪಿನ್ನುಗಳನ್ನು ಹೊಸದಾಗಿ ಹಾಕಿ. ಕಾಲುಗಳನ್ನು ಸ್ವಲ್ಪ ಅಗಲಿಸಿದರೆ ಸಾಕು, ಪೂರ್ತಿ ಮಡಚಬೇಡಿ. ಚೂಪಾದ ತುದಿ ಹಾಯಿಗೆ ತಾಗುವುದಾದರೆ ಆ ತುದಿಗೆ ಮಾತ್ರ ಒಂದು ಸುತ್ತು ಟೇಪ್ ಇರಲಿ. ಋತು ಮುಗಿದ ಮೇಲೆ ಅದನ್ನೂ ತೆಗೆಯಿರಿ.

ಪ್ರಶ್ನೆ (ತುಮಕೂರು):
ಎರಡನೆಯ ದಿನ ಬಿಟ್ಟಿತು, ಧನ್ಯವಾದ. ಆದರೆ ಥ್ರೆಡ್ ಸವೆದಿದೆ. ಇಲ್ಲಿನ ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಟರ್ನ್‌ಬಕಲ್ ಹಾಕಬಹುದೇ?

ಉತ್ತರ (ಕೋಲಾರ):
ಕೊಕ್ಕೆ ತುದಿಯದಾದರೆ ಖಂಡಿತ ಬೇಡ, ತಂತಿ ಸಡಿಲವಾದೊಡನೆ ಕಳಚಿಕೊಳ್ಳುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 304 ದರ್ಜೆಯ ಸ್ಟೇನ್‌ಲೆಸ್. ಉಪ್ಪುನೀರಿಗೆ 316 ದರ್ಜೆ ಬೇಕು. ಅದರಲ್ಲಿ 2–3 ಶೇಕಡಾ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಗುಳಿ ಬೀಳುವುದು ಕಡಿಮೆ. ಒಡಲು ಕಂಚಿನದು, ತಿರುಪು ಸ್ಟೇನ್‌ಲೆಸ್ ಆಗಿರುವುದು ಸಿಕ್ಕರೆ ಬಿಡಬೇಡಿ, ಅದು ಹೀಗೆ ಕಚ್ಚಿಕೊಳ್ಳುವುದು ತೀರಾ ಅಪರೂಪ. ಹೊರುವ ಶಕ್ತಿ ತಂತಿಯದಕ್ಕಿಂತ ಕಡಿಮೆ ಇರಬಾರದು.

ಹೊಸದಕ್ಕೆ ಹಣ ಹಾಕುವ ಮೊದಲು ತಂತಿಯನ್ನೂ ನೋಡಿ. ಹತ್ತಿಯನ್ನು ಅದರುದ್ದಕ್ಕೂ ಸವರಿ, ತಂತಿ ತುದಿಯ ಲೋಹದ ಕೊಳವೆಯೊಳಗೆ ಹೋಗುವ ಜಾಗದಲ್ಲಿ ವಿಶೇಷವಾಗಿ. ಎಲ್ಲಾದರೂ ಹತ್ತಿ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ತುಂಡಾಗಿದೆ. ಆ ತಂತಿಯನ್ನೂ, ಅಷ್ಟೇ ವಯಸ್ಸಾಗಿರುವ ಎದುರು ಬದಿಯ ತಂತಿಯನ್ನೂ ಬದಲಿಸದೆ ಕಂಬ ನಿಲ್ಲಿಸಬೇಡಿ.