ಸಹಾಯ ಬೇಕು: ಗ್ಲೈಡರ್ ಎಳೆಯಲು ಯಾವ ವಿಮಾನ ಸೂಕ್ತ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ, ಶಿಕಾರಿಪುರದ ಕಡೆಯ ಕೆಲವರು ಸೇರಿ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕ್ಲಬ್ ಕಟ್ಟುವ ತಯಾರಿಯಲ್ಲಿದ್ದು, ಎಳೆಯುವ ವಿಮಾನದ ಆಯ್ಕೆಯಲ್ಲಿ ಸಿಕ್ಕಿಕೊಂಡಿದ್ದೇವೆ.

ನಮ್ಮ ಮನಸ್ಸಿನಲ್ಲಿರುವ ಗ್ಲೈಡರ್ ಎರಡು ಆಸನಗಳ ಎಎಸ್‌ಕೆ-21. ಅದರ ಗರಿಷ್ಠ ತೂಕ 600 ಕೆಜಿ. ನೋಡಿಟ್ಟಿರುವ ಹುಲ್ಲಿನ ಬಯಲು ಸುಮಾರು 800 ಮೀಟರ್ ಉದ್ದವಿದ್ದು, ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿದೆ. ಮಳೆಗಾಲದಲ್ಲಿ ಅಲ್ಲಿ ಚಕ್ರ ಹೂತುಹೋಗುವಷ್ಟು ಕೆಸರಾಗುವುದರಿಂದ ಹಾರಾಟವೇನಿದ್ದರೂ ಬೇಸಿಗೆಯಲ್ಲೇ. ಆದರೆ 35 ಡಿಗ್ರಿ ಬಿಸಿಲಿನಲ್ಲಿ ಗಾಳಿ ತೆಳುವಾಗಿ, ಎಂಜಿನ್ನಿಗೂ ರೆಕ್ಕೆಗೂ ಅದು ಸುಮಾರು 1,450 ಮೀಟರ್ ಎತ್ತರದ ಮೈದಾನದಂತಾಗುತ್ತದೆ.

ಕೈಪಿಡಿಗಳನ್ನು ಓದಿ, ಲೆಕ್ಕ ಹಾಕಿ, ಮಾರಾಟಗಾರರಿಗೆ ಬರೆದು ವಿಚಾರಿಸಿದ ಮೇಲೆ ಎರಡು ದಾರಿಗಳು ಉಳಿದಿವೆ. ಬೆಳೆಗೆ ಔಷಧಿ ಸಿಂಪಡಿಸಲೆಂದೇ ರೂಪಿಸಿದ ‘ಪೈಪರ್ ಪಾನೀ’ ವಿಮಾನದ 235 ಅಶ್ವಶಕ್ತಿಯ ಎಂಜಿನ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಅದರಲ್ಲಿ ಒಂದೇ ಆಸನವಿರುವುದರಿಂದ ಹೊಸ ಪೈಲಟ್‌ಗೆ ಪಕ್ಕದಲ್ಲಿ ಕೂತು ಕಲಿಸುವಂತಿಲ್ಲ, ಏವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲನ್ನು ದೂರದಿಂದ ತರಿಸಬೇಕು. ಇನ್ನೊಂದು, ರೋಟಾಕ್ಸ್ 914 ಎಂಜಿನ್ನಿನ ಹಗುರ ವಿಮಾನ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವುದರಿಂದ ತೆಳು ಗಾಳಿಯಲ್ಲೂ ಅದರ ಶಕ್ತಿ ಕುಂದುವುದಿಲ್ಲ, ಸಿಲಿಂಡರ್ ತಲೆಗಳಿಗೆ ನೀರಿನ ತಂಪು ಇರುವುದರಿಂದ ಎಳೆದುಬಿಟ್ಟು ವೇಗವಾಗಿ ಇಳಿಯುವಾಗ ಅವು ಹಠಾತ್ತನೆ ತಣ್ಣಗಾಗಿ ಬಿರುಕು ಬಿಡುವ ಭಯವೂ ಕಡಿಮೆ. ಆದರೆ 115 ಅಶ್ವಶಕ್ತಿ ಸಿಗುವುದು ಐದೇ ನಿಮಿಷ, ಆಮೇಲೆ 100. ಅಲ್ಲದೆ ಇದಕ್ಕೆ ಹಾಕುವ ಪೆಟ್ರೋಲ್‌ನಲ್ಲಿ ತಯಾರಕರು ಶೇ 10ರವರೆಗಿನ ಎಥೆನಾಲ್‌ಗೆ ಮಾತ್ರ ಒಪ್ಪಿದ್ದಾರೆ. ನಮ್ಮ ಬಂಕ್‌ಗಳ ಪೆಟ್ರೋಲ್‌ನಲ್ಲಿ ಈಗ ಶೇ 20 ಇದೆ.

ಇಬ್ಬರು ಕೂತ ಎಎಸ್‌ಕೆ-21 ಅನ್ನು ಇಂಥ ಬಿಸಿಲಿನಲ್ಲಿ, ಇಷ್ಟು ಉದ್ದದ ಹುಲ್ಲಿನ ಬಯಲಿನಿಂದ ರೋಟಾಕ್ಸ್ 914 ವಿಮಾನ ಸುರಕ್ಷಿತವಾಗಿ ಎಳೆದೀತೇ, ಇಲ್ಲವೇ ‘ಪಾನೀ’ ವಿಮಾನವೇ ಬೇಕೇ? ಸ್ವತಃ ಎಳೆದ ಅನುಭವವಿರುವವರು ದಯವಿಟ್ಟು ತಿಳಿಸಿ.