ಹಳೆ ಗೋವಾದ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಬಹುದೇ?

ಕೋಥರೂಡ್‌ನ ಸೊಸೆ ಕೇಳಿದ್ದು:

ನಮಸ್ಕಾರ. ನಾವು ಪುಣೆಯವರು. ಡಿಸೆಂಬರ್ ಮೊದಲ ವಾರದಲ್ಲಿ ಫೋಂಡಾದಲ್ಲಿ ನೆಂಟರ ಮದುವೆಯಿದೆ. ಮಾರನೆಯ ರಾತ್ರಿ ಪಣಜಿಯಿಂದ ಬಸ್ಸು. ನಡುವಿನ ಅರ್ಧ ದಿನವನ್ನು ಹೇಗೆ ಕಳೆಯಬೇಕೆಂಬುದರ ಮೇಲೆ ಮನೆಯಲ್ಲಿ ಈಗಾಗಲೇ ಎರಡು ಪಕ್ಷಗಳಾಗಿವೆ.

ಒಂದು ಪಕ್ಷ ನಮ್ಮ ಮಾವನವರದು. ಹಾನಗಲ್ಲಿನ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ತಾರಕೇಶ್ವರ ಗುಡಿಯ ಆಸುಪಾಸಿನಲ್ಲೇ ಬೆಳೆದವರಾದ್ದರಿಂದ ಕದಂಬರೆಂದರೆ ಅವರಿಗೆ ಹತ್ತಿರದ ನೆಂಟರಿದ್ದ ಹಾಗೆ. ಹಾನಗಲ್ಲಿನವರು, ಬನವಾಸಿಯವರು, ಹಲಸಿಯವರು ಎಲ್ಲರನ್ನೂ ನೋಡಿ ಮುಗಿಸಿದ್ದಾರೆ. ಗೋವೆಯ ಕದಂಬರೊಬ್ಬರು ಬಾಕಿ. "ಸಮುದ್ರ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇ, ಅದು ಎಲ್ಲಿ ನೋಡಿದರೂ ಅಷ್ಟೇ" ಎನ್ನುವ ಮನುಷ್ಯ. ಅವರಿಗೆ ಹಳೆ ಗೋವಾದ ವಸ್ತುಸಂಗ್ರಹಾಲಯವೇ ಆಗಬೇಕು.

ಇನ್ನೊಂದು ಪಕ್ಷ ನಮ್ಮ ಯಜಮಾನರದು. ವಸ್ತುಸಂಗ್ರಹಾಲಯವೆಂದರೆ ಧೂಳು, ಮಂದ ಬೆಳಕು, ಬಾಗಿಲಲ್ಲಿ ತೂಕಡಿಸುವ ಕಾವಲುಗಾರ ಎಂಬುದು ಅವರ ತೀರ್ಮಾನ. ಫೋನಿನಲ್ಲಿ ಮಾತನಾಡಿದ ಟ್ಯಾಕ್ಸಿಯವನೂ ಅವರ ಕಡೆಗೇ ಸೇರಿಕೊಂಡ: ಎರಡು ಚರ್ಚು ತೋರಿಸಿ ನೇರವಾಗಿ ಮಸಾಲೆ ತೋಟಕ್ಕೆ ಕರೆದೊಯ್ಯುತ್ತಾನಂತೆ. ಎಂಟನೆಯ ತರಗತಿಯ ಮಗನಿಗೆ ಎರಡೂ ಬೇಡ, ಫೆರಿಯಲ್ಲಿ ಕೂರಿಸಿದರೆ ಸಾಕು.

ಕಾಗದದ ಮೇಲೆ ಸಿಗದ ಸಂಗತಿಗಳನ್ನು ಹೋಗಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ. ಕದಂಬರ ಕಾಲದ್ದು ಅಲ್ಲಿ ನಿಜಕ್ಕೂ ಏನಾದರೂ ಇದೆಯೇ, ಇಲ್ಲವೇ ಪೂರಾ ಪೋರ್ಚುಗೀಸರದೇ ರಾಜ್ಯಭಾರವೇ? ಮಾವನವರಿಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಅವರು ನಿರಾಶರಾದರೆ ಮುಂದಿನ ಆರು ತಿಂಗಳು ಊಟದ ಹೊತ್ತಿನಲ್ಲೆಲ್ಲ ಅದೇ ಮಾತು ಕೇಳಬೇಕಾದವಳು ನಾನು.

ವಾಸ್ಕೋದಲ್ಲಿ ನೆಲೆಸಿದ ಕುಮಟಾದವನು ಉತ್ತರಿಸಿದ್ದು:

ತಂಗಿ, ನಿಮ್ಮ ಮಾವನವರ ಪಕ್ಷಕ್ಕೆ ನನ್ನದೊಂದು ಮತ. ಬಂದರಿನ ಕೆಲಸಕ್ಕೆಂದು ಇಲ್ಲಿಗೆ ಬಂದು ಇಲ್ಲಿಯೇ ಉಳಿದವನು ನಾನು. ಊರಿನಿಂದ ಯಾರು ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ, ಬೈಸಿಕೊಂಡಾದರೂ.

ಮೊದಲು ಮಾವನವರಿಗೆ ಒಂದು ಮಾತು ತಿಳಿಸಿ. ಅವರು ಹೋಗುತ್ತಿರುವುದು ದ್ವೀಪಕ್ಕೆ. ಪಣಜಿ, ಹಳೆ ಗೋವಾ ಇರುವ ತಿಸವಾಡಿಯ ಒಂದು ಬದಿಗೆ ಮಾಂಡವಿ, ಇನ್ನೊಂದು ಬದಿಗೆ ಜುವಾರಿ, ಒಳಭಾಗದಲ್ಲಿ ಇವೆರಡನ್ನೂ ಕೂಡಿಸುವ ಕುಂಭಾರಜುವೆ ಕಾಲುವೆ. ಫೋಂಡಾದಿಂದ ಬರುವಾಗ ಸೇತುವೆ ದಾಟುತ್ತೀರಿ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಗೋವೆಯ ಕದಂಬರು ಚಂದ್ರಪುರವನ್ನು, ಅಂದರೆ ಈಗಿನ ಚಾಂದೋರನ್ನು ಬಿಟ್ಟು ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿ ಮಾಡಿಕೊಂಡ ಗೋಪಕಪಟ್ಟಣವೂ ಇದೇ ದ್ವೀಪದಲ್ಲಿ, ಜುವಾರಿಯ ದಂಡೆಯಲ್ಲಿತ್ತು. ಆ ಜಾಗಕ್ಕೆ ಈಗ ಗೋವಾ ವೆಲ್ಹಾ ಎನ್ನುತ್ತಾರೆ. ಅದು ಬೇರೆ ಊರು. ಟ್ಯಾಕ್ಸಿಯವನಿಗೆ ಬಸಿಲಿಕಾ ಚರ್ಚು ಇರುವ ಹಳೆ ಗೋವಾ ಎಂದು ಸ್ಪಷ್ಟವಾಗಿ ಹೇಳಿ.

ವಸ್ತುಸಂಗ್ರಹಾಲಯ ಇರುವುದು ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ಅಂಟಿಕೊಂಡ ಹಳೆಯ ಮಠದಲ್ಲಿ. ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1964ರಲ್ಲಿ ಆರಂಭಿಸಿದ್ದು. ಒಳಗೆ ಕಾಲಿಟ್ಟೊಡನೆ ಎದುರಾಗುವುದು ಪೋರ್ಚುಗೀಸ್ ದಳಪತಿ ಅಫೊನ್ಸೊ ಡ ಅಲ್ಬುಕರ್ಕ್‌ನ ಭಾರೀ ಕಂಚಿನ ಪ್ರತಿಮೆ. ಅಲ್ಲಿಯೇ ಯಜಮಾನರು "ನಾನು ಹೇಳಿರಲಿಲ್ಲವೇ" ಎಂದು ನಿಮ್ಮ ಮುಖ ನೋಡುತ್ತಾರೆ. ನೀವು ನಿಲ್ಲಬೇಡಿ. ಒಂದು ಕಾಲದಲ್ಲಿ ಪಣಜಿಯ ಮೈದಾನದ ಮಂಟಪದಲ್ಲಿ ಠೀವಿಯಿಂದ ನಿಂತಿದ್ದವನು, ಗೋವಾ ವಿಮೋಚನೆಯಾದ ಮೇಲೆ ಒಳಗೆ ಬಂದು ನಿಂತಿದ್ದಾನೆ, ಅಷ್ಟೇ. 1510ರಲ್ಲಿ ಅವನು ಈ ಊರನ್ನು ಬಿಜಾಪುರದ ಆದಿಲಶಾಹಿಯಿಂದ ಕಸಿದುಕೊಳ್ಳುವಾಗ ಜೊತೆಗೆ ನಿಂತವನು ನಮ್ಮ ಹೊನ್ನಾವರದ ಕಡೆಯ ಹಡಗುಪಡೆಯ ಮುಖಂಡ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಆ ಮನುಷ್ಯನದೊಂದು ಪ್ರತಿಮೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಇರಬೇಕೆಂದೂ ನಾನು ಹೇಳುವುದಿಲ್ಲ.

ನೀವು ಹುಡುಕಬೇಕಾದದ್ದು ಕಲ್ಲುಗಳನ್ನು. ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಕಲ್ಲುಗಳು ಮಹಡಿ ಏರದೆ ಕೆಳಗಿನ ಅಂತಸ್ತಿನಲ್ಲೇ ಸಿಗುತ್ತವೆ, ಮಂಡಿ ನೋವಿನವರಿಗೆ ತೊಂದರೆಯಿಲ್ಲ. ಹಾನಗಲ್ಲಿನವರಿಗೆ ವೀರಗಲ್ಲು ಹೊಸದೇನು ಎಂದು ನೀವು ಕೇಳಬಹುದು. ಹೊಸದಿದೆ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ತುರುಗೋಳು (ದನಗಳಿಗಾಗಿ ನಡೆದ ಕಾಳಗ), ಕುದುರೆ, ಬಿಲ್ಲು ಬಾಣ. ಇಲ್ಲಿ ಕೆಲವು ಕಲ್ಲುಗಳ ಕೆಳಪಟ್ಟಿಕೆಯಲ್ಲಿ ಹಡಗು ಇದೆ. ನೀರಿನ ಮೇಲೆ ಕಾದಾಡಿ ಸತ್ತವರ ಕಲ್ಲುಗಳು ಇವು.

ಮಗನಿಗೆ ಓದುವ ಕ್ರಮ ಹೇಳಿಕೊಡುವ ಕೆಲಸವನ್ನು ಅಜ್ಜನಿಗೇ ಬಿಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಾಳಗ. ಅದರ ಮೇಲೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು. ತುದಿಯಲ್ಲಿ ಅವನು ಲಿಂಗದ ಮುಂದೆ ಕೂತಿರುವುದು, ಮೇಲೆ ಸೂರ್ಯ ಚಂದ್ರ. ಹಡಗಿನ ಕಲ್ಲಿನ ಮುಂದೆ ಅವಸರ ಮಾಡಬೇಡಿ. ಕಲ್ಲು ಸವೆದಿದೆ, ಮೊದಲ ನೋಟಕ್ಕೆ ಉಬ್ಬುತಗ್ಗು ಬಿಟ್ಟು ಏನೂ ಕಾಣುವುದಿಲ್ಲ. ಸ್ವಲ್ಪ ಬದಿಗೆ ಸರಿದು ಓರೆಯಾಗಿ ನೋಡಿದರೆ ಮೊದಲು ಹಡಗಿನ ಒಡಲಿನ ಬಾಗು ಗೊತ್ತಾಗುತ್ತದೆ, ಆಮೇಲೆ ಅದರ ಮೇಲಿನ ಆಳುಗಳು. ನನ್ನ ಕೆಲಸವೇ ಹಡಗುಗಳ ನಡುವೆ ಇತ್ತು. ಆ ಬಾಗನ್ನು ಕೊರೆದವನು ದೋಣಿಯನ್ನು ದಂಡೆಯಿಂದ ನೋಡಿ ಬಂದವನಲ್ಲ, ಅದರಲ್ಲಿ ಕೂತವನು ಎಂದೇ ನನಗೆ ಅನ್ನಿಸುತ್ತದೆ.

ನಾವು ಕನ್ನಡಿಗರು ಕದಂಬರೆಂದರೆ ಬನವಾಸಿ, ಕಾಡು, ವರದಾ ನದಿ ಎನ್ನುತ್ತೇವೆ. ಗೋವೆಯ ಶಾಖೆಯವರು ಕಡಲಿನ ಜನ. ಅವರ ಅರಸ ಒಂದನೆಯ ಜಯಕೇಶಿಯ ತಾಮ್ರಪಟದಲ್ಲಿ ಒಂದು ಕಥೆ ಬರುತ್ತದೆ: ವಂಶದ ಹಿರಿಯ ಗುಹಲ್ಲದೇವ ಸೋಮನಾಥ ಯಾತ್ರೆಗೆ ಹಡಗು ಹತ್ತಿದ, ನಡುದಾರಿಯಲ್ಲಿ ಹಾಯಿಕಂಬ ಮುರಿಯಿತು, ಗೋವೆಯ ಬಂದರಿನಲ್ಲಿದ್ದ ಮದುಮದನೆಂಬ ಅರಬ ವರ್ತಕ ನೆರವಾದ. ಆ ವರ್ತಕನ ಮೊಮ್ಮಗನನ್ನು ಜಯಕೇಶಿ ಅಧಿಕಾರದಲ್ಲಿಟ್ಟುಕೊಂಡಿದ್ದ, ಆ ಮೊಮ್ಮಗ ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತಲು ಒಪ್ಪಿಗೆ ಕೊಟ್ಟಿದ್ದ. ವಸ್ತುಸಂಗ್ರಹಾಲಯದ ಫಲಕಗಳು ಇದನ್ನೆಲ್ಲ ಹೇಳುವುದಿಲ್ಲ. "ವೀರಗಲ್ಲು, ಇಂಥ ಶತಮಾನ" ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತವೆ. ತಿಳಿದುಕೊಂಡು ಹೋದವರಿಗೆ ಮಾತ್ರ ಅದು ಬಾಯಿ ಬಿಡುತ್ತದೆ.

ಶುಕ್ರವಾರ ರಜೆ. ಮೇಲಾಗಿ ಡಿಸೆಂಬರ್ 3ಕ್ಕೆ ಸೇಂಟ್ ಫ್ರಾನ್ಸಿಸ್ ಝೇವಿಯರ್ ಹಬ್ಬ. ಅವತ್ತು ಆ ಬಯಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಟ್ಯಾಕ್ಸಿ ಎಲ್ಲೋ ನಿಲ್ಲಿಸಿ ಮಾವನವರನ್ನು ನಡೆಸಬೇಕಾಗುತ್ತದೆ.

ಪಣಜಿಯ ಚಿತ್ರಕಲಾ ಶಿಕ್ಷಕಿ ಉತ್ತರಿಸಿದ್ದು:

ವಾಸ್ಕೋದ ಹಿರಿಯರ ಮಾತು ಅರ್ಧ ಒಪ್ಪಿದೆ. ಕಲ್ಲುಗಳನ್ನು ನೋಡಿ ಮಹಡಿಯನ್ನು ಬಿಟ್ಟು ಬನ್ನಿ ಎಂಬಂತಿದೆ ಅವರ ಧಾಟಿ. ಅದು ಅನ್ಯಾಯ.

ಮೇಲಿನ ಅಂತಸ್ತಿನಲ್ಲಿ ಪೋರ್ಚುಗೀಸ್ ಗವರ್ನರುಗಳ, ವೈಸರಾಯರ ಭಾವಚಿತ್ರಗಳ ಸಾಲು ಇದೆ. ಇದನ್ನು ಆರಂಭಿಸಿದವನು ಜೊವಾವ್ ಡ ಕಾಸ್ಟ್ರೊ, 1547ರಲ್ಲಿ. ತನಗಿಂತ ಹಿಂದಿನವರೆಲ್ಲರ ಚಿತ್ರ ಬರೆಸಬೇಕೆಂದ. ಆ ಮುಖಗಳನ್ನೆಲ್ಲ ಕಣ್ಣಾರೆ ಕಂಡಿದ್ದ ಗಾಸ್ಪರ್ ಕೊರೇಯ ಎಂಬ ಇತಿಹಾಸಕಾರ ರೇಖೆ ಹಾಕಿಕೊಟ್ಟ. ಬಣ್ಣ ತುಂಬಿದವನು ಇಲ್ಲಿಯದೇ ಒಬ್ಬ ಚಿತ್ರಗಾರ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅಲ್ಲಿಂದ ಮುಂದೆ ಬಂದವರದೆಲ್ಲ ಒಂದೊಂದು ಚಿತ್ರ ಸೇರುತ್ತಾ ಹೋಯಿತು.

ಈ ಚಿತ್ರಗಳು ಮಹಾ ಕಲಾಕೃತಿಗಳೆಂದು ನಾನು ಹೇಳುವುದಿಲ್ಲ. ಮೇಲಿಂದ ಮೇಲೆ ಬಣ್ಣ ಬಳಿದು ಕೆಡಿಸಿದವೇ ಹೆಚ್ಚು. ಆದರೂ ನನ್ನ ವಿದ್ಯಾರ್ಥಿಗಳನ್ನು ಅಲ್ಲಿ ಕೈಗಳನ್ನು ನೋಡಲು ನಿಲ್ಲಿಸುತ್ತೇನೆ. ಮುಖಕ್ಕೆ ಪಟ್ಟ ಶ್ರಮ ಕೈಗೆ ಪಟ್ಟಿಲ್ಲ, ಬೆರಳುಗಳು ಮರದವು. ಉಡುಪನ್ನು ಮಾತ್ರ ಎಳೆ ಎಳೆಯಾಗಿ ಬರೆದಿದ್ದಾರೆ. ಸಾಲಿನ ಉದ್ದಕ್ಕೂ ನಡೆದರೆ ಉಕ್ಕಿನ ಕವಚ ಹೋಗಿ ಕಸೂತಿಯ ಅಂಗಿ ಬರುತ್ತದೆ, ಕೊನೆಯ ಕಡೆ ಸಮವಸ್ತ್ರ, ಪದಕ, ಮೀಸೆ. ಹೆದರಿಸಿ ಆಳುವ ಕಾಲ ಹೋಗಿ ಕಡತದಲ್ಲಿ ಆಳುವ ಕಾಲ ಬಂದದ್ದು ಬಟ್ಟೆಯಲ್ಲೇ ಕಾಣುತ್ತದೆ.

ಮೆಟ್ಟಿಲಿದೆ, ನಿಜ. ಅಜ್ಜನವರು ಕೆಳಗೆ ಕಲ್ಲುಗಳ ಜೊತೆ ಇರುವಾಗ ನೀವು ಮಗನನ್ನು ಕರೆದುಕೊಂಡು ಮೇಲೆ ಹೋಗಿ ಬನ್ನಿ. ದುರಸ್ತಿ ಎಂದು ಒಂದೊಂದು ಕೋಣೆ ಮುಚ್ಚಿರುವುದೂ ಉಂಟು, ಟಿಕೆಟ್ ಕಿಟಕಿಯಲ್ಲೇ ಕೇಳಿಬಿಡಿ.

ಕೋಥರೂಡ್‌ನ ಸೊಸೆ:

ಇಬ್ಬರಿಗೂ ಧನ್ಯವಾದ. ಮೇಲಿನದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ಹಡಗಿನ ವೀರಗಲ್ಲು ಎಂದೊಡನೆ ಎದ್ದು ಕೂತರು. ಯಜಮಾನರೂ ತಿಮ್ಮಯ್ಯನ ಸಂಗತಿ ಕೇಳಿ "ಹೌದೇ?" ಎಂದದ್ದು ನನ್ನ ಕಿವಿಗೆ ಬಿತ್ತು. ಈಗ ಎರಡು ಹೊಸ ಪ್ರಶ್ನೆಗಳು. ಮಗನ ಫೆರಿಯನ್ನು ಇದರೊಳಗೇ ಹೊಂದಿಸಬಹುದೇ? ಮಾವನವರು ಕಾಗದ, ಇದ್ದಿಲು ಒಯ್ದು ಆ ಕಲ್ಲಿನ ಪಡಿಯಚ್ಚು ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಬಿಡುತ್ತಾರೆಯೇ?

ಬೋರಿವಲಿಯ ಓದುಗ:

ನಡುವೆ ಬಾಯಿ ಹಾಕುತ್ತಿದ್ದೇನೆ. ಹಡಗಿನ ವೀರಗಲ್ಲುಗಳ ಮೇಲೆ ಅಷ್ಟು ಪ್ರೀತಿಯಿದ್ದರೆ ಹಿರಿಯರನ್ನು ಒಮ್ಮೆ ಮುಂಬೈಗೂ ಕರೆತನ್ನಿ. ನಮ್ಮ ಬೋರಿವಲಿಯ ಎಕ್ಸರ್‌ನಲ್ಲಿ ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ಕಾಲದ ಕೊನೆಯ ಕಾಳಗದ್ದೆಂದು ಹೇಳುವ ಕಲ್ಲುಗಳಿವೆ. ಆಳೆತ್ತರಕ್ಕಿಂತ ದೊಡ್ಡವು. ಹುಟ್ಟು ಹಾಕುವ ಹಡಗುಗಳ ಸಾಲು ಅವುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಇದೂ ದ್ವೀಪವೇ, ಸಾಲ್ಸೆಟ್ ಎಂದು ಹೆಸರು. ವ್ಯತ್ಯಾಸವೆಂದರೆ ಇಲ್ಲಿ ವಸ್ತುಸಂಗ್ರಹಾಲಯವಿಲ್ಲ, ಟಿಕೆಟ್ಟಿಲ್ಲ, ಫಲಕ ಓದಿ ಬೇಸರಪಡುವ ಭಾಗ್ಯವೂ ಇಲ್ಲ. ಕಟ್ಟಡಗಳ ನಡುವೆ ಬಯಲಿನಲ್ಲಿ ನಿಂತಿವೆ.

ವಾಸ್ಕೋದಲ್ಲಿ ನೆಲೆಸಿದ ಕುಮಟಾದವನು:

ಚಿತ್ರಕಲೆಯವರ ಆಕ್ಷೇಪಣೆ ಒಪ್ಪಿಕೊಂಡೆ, ಕೈಬೆರಳುಗಳನ್ನು ಮುಂದಿನ ಸಲ ನೋಡುತ್ತೇನೆ.

ಫೆರಿ ಧಾರಾಳವಾಗಿ ಹೊಂದುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ವಸ್ತುಸಂಗ್ರಹಾಲಯ ಮುಗಿಸಿ. ಅಲ್ಲಿಂದ ನದಿಯ ಕಡೆ ಹೊರಟರೆ ಸೇಂಟ್ ಕಾಜೆಟನ್ ಚರ್ಚಿನ ಆವರಣದಲ್ಲಿ ಒಂಟಿ ಬಾಗಿಲುವಾಡ ಒಂದು ನಿಂತಿದೆ, ಕಪ್ಪು ಕಲ್ಲಿನದು. ಆದಿಲಶಾಹನ ಅರಮನೆಯಲ್ಲಿ ಉಳಿದದ್ದು ಅಷ್ಟೇ ಎನ್ನುತ್ತಾರೆ. ಅದನ್ನು ದಾಟಿದರೆ ವೈಸರಾಯರ ಕಮಾನು, ಕಮಾನಿನ ಆಚೆಗೆ ಫೆರಿ ಹತ್ತುವ ಧಕ್ಕೆ. ಫೆರಿಯಲ್ಲಿ ಟ್ಯಾಕ್ಸಿಯನ್ನೂ ಏರಿಸಬಹುದು, ಏರಿಸಿಯೇ ಹೋಗಿ. ಆಚೆ ದಡದ ದಿವಾಡಿ ದ್ವೀಪದಲ್ಲಿ ಇಳಿದ ಮೇಲೆ ಊರಿಗೆ ದೂರವಿದೆ, ಗುಡ್ಡವೂ ಇದೆ.

ಗುಡ್ಡದ ಮೇಲಿನ ಪಿಯೆದಾದ್ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರವಿದೆ. ಹಳೆಯ ಗುಡಿಯೊಂದರ ಭಾಗವನ್ನೇ ಉಳಿಸಿಕೊಂಡು ಮಾಡಿದ್ದು. ತಲೆಯೆತ್ತಿ ಚಾವಣಿ ನೋಡಿದರೆ ಮಾವನವರಿಗೆ ನಾನು ಹೇಳುವುದು ಬೇಕಾಗುವುದಿಲ್ಲ. ಕದಂಬರ ಕುಲದೈವ ಸಪ್ತಕೋಟೀಶ್ವರನ ಮೂಲ ಸ್ಥಾನವೂ ಇದೇ ದ್ವೀಪದ ನಾರ್ವೆ. ಪೋರ್ಚುಗೀಸರು ಕೆಡವಿದ ಮೇಲೆ ಲಿಂಗವನ್ನು ಹೊಳೆಯಾಚೆ ಒಯ್ದರು. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮತ್ತೆ ಕಟ್ಟಿಸಿದ. ಅರ್ಧ ದಿನದಲ್ಲಿ ಅದು ಆಗುವುದಿಲ್ಲ, ಆಸೆ ಹುಟ್ಟಿಸಬೇಡಿ. ಮಗನಿಗೆ ಒಂದು ಕೆಲಸ ಕೊಡಿ: ಗೋವೆಯ ಸರ್ಕಾರಿ ಸಾರಿಗೆಯಾದ ಕದಂಬ ಬಸ್ಸಿನ ಮೇಲಿರುವ ಸಿಂಹ ಮತ್ತು ಕದಂಬರ ಚಿನ್ನದ ನಾಣ್ಯದ ಸಿಂಹ ಎಷ್ಟು ಹೋಲುತ್ತವೆ ಎಂದು ನೋಡಲಿ. ಜಗಳವಾಡುವುದಕ್ಕೆ ಅಜ್ಜ ಮೊಮ್ಮಗನಿಗೆ ದಾರಿಯುದ್ದಕ್ಕೂ ಸಾಕಾಗುತ್ತದೆ.

ಪಡಿಯಚ್ಚಿನ ಆಸೆ ಬಿಡಲು ಹೇಳಿ. ಮುಟ್ಟುವುದಕ್ಕೂ ಬಿಡುವುದಿಲ್ಲ, ಇದ್ದಿಲು ಕಂಡರೆ ಕಾವಲುಗಾರರು ಹೊರಗೆ ಕಳಿಸುತ್ತಾರೆ, ಅವರು ಮಾಡುವುದು ಸರಿಯೇ. ಪೆನ್ಸಿಲ್, ನೋಟ್‌ಬುಕ್ ಇದ್ದರೆ ಸಾಕು, ಮೇಷ್ಟ್ರಲ್ಲವೇ, ಗೆರೆ ಎಳೆದುಕೊಳ್ಳಲಿ. ಫೋಟೊ ತೆಗೆಯಬಹುದೇ ಎಂದು ಬಾಗಿಲಲ್ಲೇ ಕೇಳಿ, ಬಿಟ್ಟರೆ ಎದುರಿನಿಂದ ತೆಗೆಯದೆ ಬದಿಯಿಂದ ತೆಗೆಯಿರಿ. ಊಟವನ್ನು ದಿವಾಡಿಯಲ್ಲಿ ನಂಬಿಕೊಳ್ಳಬೇಡಿ, ಫೋಂಡಾದಿಂದಲೇ ಕಟ್ಟಿಸಿಕೊಂಡು ಬನ್ನಿ.