ಸಮಕಾಲೀನ ವಾಸ್ತುಶಿಲ್ಪದ ಪಂಥಗಳನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ – ಪಡಸಾಲೆ

ನಾನು ಕಟ್ಟಡ ನಿರ್ಮಾಣದ ವೃತ್ತಿಯವನಲ್ಲ, ಕುತೂಹಲದಿಂದ ಓದುವವನು ಮಾತ್ರ. ಸಮಕಾಲೀನ ವಾಸ್ತುಶಿಲ್ಪದ ಬಗ್ಗೆ ಏನನ್ನೇ ತೆರೆದರೂ ಆಧುನಿಕತಾವಾದ, ಆಧುನಿಕೋತ್ತರವಾದ, ಹೈಟೆಕ್, ನಿರಚನವಾದ, ಪ್ಯಾರಾಮೆಟ್ರಿಕ್ ಎಂಬ ಹೆಸರುಗಳು ಸಾಲಾಗಿ ಬರುತ್ತವೆ; ಪ್ರತಿಯೊಂದರ ಕೆಳಗೂ ಒಂದು ಚಿತ್ರ, ನಾಲ್ಕು ಲಕ್ಷಣ. ಇಷ್ಟನ್ನು ಓದಿಕೊಂಡ ಮೇಲೂ ಹೊಸದೊಂದು ಕಟ್ಟಡದ ಮುಂದೆ ನಿಂತರೆ ಅದು ಯಾವ ಪಂಥದ್ದೆಂದು ಹೇಳಲು ಬರುವುದಿಲ್ಲ. ಇವು ರಾಜವಂಶಗಳಂತೆ ಒಂದು ಅಳಿದ ಮೇಲೆ ಮತ್ತೊಂದು ಬಂದವೇ, ಅಥವಾ ಜೊತೆಜೊತೆಗೇ ಇದ್ದವೇ?

ಉತ್ತರ – ಕಲ್ಲುಚಪ್ಪಡಿ

ಲಕ್ಷಣಗಳ ಪಟ್ಟಿಯನ್ನು ಬದಿಗಿಟ್ಟು, ಪ್ರತಿಯೊಂದು ಪಂಥವೂ ಯಾವುದರ ಬಗ್ಗೆ ತಕರಾರು ತೆಗೆಯಿತು ಎಂದು ಕೇಳಿಕೊಂಡರೆ ದಾರಿ ಸುಗಮವಾಗುತ್ತದೆ. 1919ರಲ್ಲಿ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಶಾಲೆಯವರಿಗೂ ಫ್ರಾನ್ಸಿನಲ್ಲಿದ್ದ ಲ ಕಾರ್ಬೂಸಿಯೇ ಅವರಿಗೂ ಹಳೆಯ ಶೈಲಿಗಳ ಅಲಂಕಾರವನ್ನು ಹೊಸ ಕಟ್ಟಡಗಳ ಮೇಲೆ ಹೇರುವುದು ಒಪ್ಪಿಗೆಯಾಗಿರಲಿಲ್ಲ. ಉಕ್ಕು, ಗಾಜು, ಕಾಂಕ್ರೀಟುಗಳಿಂದ, ಉಪಯೋಗಕ್ಕೆ ತಕ್ಕ ಆಕಾರದಲ್ಲಿ, ಯಾವ ದೇಶದಲ್ಲಿಯೂ ಸಲ್ಲುವಂತೆ ಕಟ್ಟಬಹುದೆಂಬ ಅವರ ನಂಬಿಕೆಯೇ ಆಧುನಿಕತಾವಾದದ ತಿರುಳು. ಮುಂದೆ ಬಂದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಜಗಳವಾಡಿದ್ದು ಈ ನಂಬಿಕೆಯೊಂದಿಗೆ.

ಆ ಜಗಳದಲ್ಲಿ ಹೆಚ್ಚು ಉಲ್ಲೇಖವಾಗುವುದು ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೋ ವಸತಿ ಸಮುಚ್ಚಯ. ಮಿನೋರು ಯಮಸಾಕಿ ವಿನ್ಯಾಸ ಮಾಡಿದ್ದ, ಹನ್ನೊಂದು ಮಹಡಿಗಳ 33 ಕಟ್ಟಡಗಳ ಈ ಸಮುಚ್ಚಯ 1950ರ ದಶಕದ ಮಧ್ಯದಲ್ಲಿ ಪೂರ್ಣಗೊಂಡಿತು. 1972ರಲ್ಲಿ ಅದನ್ನು ಸ್ಫೋಟಕಗಳಿಂದ ಕೆಡವತೊಡಗಿದರು. ವಿಮರ್ಶಕ ಚಾರ್ಲ್ಸ್ ಜೆಂಕ್ಸ್ ಅದನ್ನೇ ಆಧುನಿಕ ವಾಸ್ತುಶಿಲ್ಪದ ಮರಣವೆಂದು ಸಾರಿದರು. ಮಾತು ಚುರುಕಾಗಿದೆ, ಆದರೆ ಪೂರ್ತಿ ನ್ಯಾಯವಾದುದಲ್ಲ. ಖರ್ಚು ಉಳಿಸಲು ಲಿಫ್ಟುಗಳನ್ನು ಮೂರು ಮಹಡಿಗೊಮ್ಮೆ ಮಾತ್ರ ನಿಲ್ಲಿಸಿದ್ದು ವಿನ್ಯಾಸದ ದೋಷವೆಂದೇ ಇಟ್ಟುಕೊಳ್ಳೋಣ. ಆದರೆ ನಗರದ ಜನಸಂಖ್ಯೆಯೇ ಕುಗ್ಗುತ್ತಿದ್ದಾಗ, ಬಡವರು ಕೊಡುವ ಬಾಡಿಗೆಯಿಂದಲೇ ನಿರ್ವಹಣೆಯೂ ನಡೆಯಬೇಕೆಂದು ವಿಧಿಸಿದ್ದು ವಾಸ್ತುಶಿಲ್ಪಿಯಲ್ಲ.

ಕಂಬ, ಕಮಾನು, ಬಣ್ಣ, ಇತಿಹಾಸದ ನೆನಪುಗಳನ್ನು ಕಟ್ಟಡಕ್ಕೆ ಮರಳಿ ತಂದದ್ದು ಆಧುನಿಕೋತ್ತರವಾದ. ಮೈಕೆಲ್ ಗ್ರೇವ್ಸ್ ಅವರ ಪೋರ್ಟ್‌ಲ್ಯಾಂಡ್ ಕಟ್ಟಡ (1982) ಅದರ ಪ್ರಸಿದ್ಧ ಮಾದರಿ. ನನ್ನ ಮಟ್ಟಿಗೆ ಅದರ ಪ್ರಶ್ನೆಗಳು ಅದರ ಕಟ್ಟಡಗಳಿಗಿಂತ ಮೇಲು.

ಉತ್ತರ – ತೊಲೆಕಂಬ

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ ಬೇಕು. ಎಲ್ಲವನ್ನೂ ವಿಚಾರಗಳ ಜಗಳವೆಂದು ನೋಡಿದರೆ ಕಟ್ಟುವ ತಂತ್ರದ ಪಾಲು ಮರೆಯಾಗುತ್ತದೆ. ರೆಂಜೋ ಪಿಯಾನೋ ಮತ್ತು ರಿಚರ್ಡ್ ರೋಜರ್ಸ್ ಅವರ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರ (1977) ಹೈಟೆಕ್ ಪಂಥದ ಮುಖ್ಯ ಕಟ್ಟಡ; ಆಧುನಿಕತಾವಾದ ಸತ್ತಿತೆಂದು ಸಾರುತ್ತಿದ್ದ ಕಾಲದಲ್ಲೇ ಅದು ಯಂತ್ರದ ಮೇಲಿನ ನಂಬಿಕೆಯನ್ನು ಇನ್ನಷ್ಟು ಜೋರಾಗಿ ಹೇಳಿತು. ಉಕ್ಕಿನ ಚೌಕಟ್ಟನ್ನೂ ಕೊಳವೆಗಳನ್ನೂ ಹೊರಮೈಗೆ ತಂದು, ಗಾಳಿಗೆ ನೀಲಿ, ನೀರಿಗೆ ಹಸಿರು, ವಿದ್ಯುತ್ತಿಗೆ ಹಳದಿ, ಜನಸಂಚಾರಕ್ಕೆ ಕೆಂಪು ಬಣ್ಣ ಬಳಿದರು. ಇದು ಬರಿಯ ಚಮತ್ಕಾರವಲ್ಲ: ಎಲ್ಲವೂ ಹೊರಗೆ ಹೋದ್ದರಿಂದ ಒಳಗೆ ಸುಮಾರು 48 ಮೀಟರ್ ಅಗಲಕ್ಕೆ ನಡುವೆ ಒಂದು ಕಂಬವೂ ಇಲ್ಲದ ಅಂಗಣಗಳು ದೊರೆತವು.

ಕಟ್ಟಡದ ರೂಪವನ್ನು ಒಡೆದು, ಓರೆಯಾಗಿಸಿ ತೋರಿಸುವ ಬಗೆಗೆ ನಿರಚನವಾದ ಎಂಬ ಹೆಸರು ವ್ಯಾಪಕವಾಗಿ ಚಾಲ್ತಿಗೆ ಬಂದದ್ದು 1988ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆದ ಪ್ರದರ್ಶನದಿಂದ. ಫ್ರಾಂಕ್ ಗೆರಿ, ಜಾಹಾ ಹದೀದ್, ರೆಮ್ ಕೂಲ್‌ಹಾಸ್ ಮೊದಲಾದವರನ್ನು ಸಂಘಟಕರು ಅಲ್ಲಿ ಒಂದೇ ಸೂರಿನಡಿ ತಂದರು. ಅವರೇನೂ ಕೂಡಿ ಪ್ರಣಾಳಿಕೆ ಬರೆದವರಲ್ಲ. ಗೆರಿಯವರ ಬಿಲ್ಬಾವೊ ಗುಗನ್‌ಹೈಮ್ ಸಂಗ್ರಹಾಲಯದ (1997) ತಿರುಚಿದ ಟೈಟಾನಿಯಂ ಮೈ ಸಾಧ್ಯವಾದದ್ದು ವಿಮಾನ ತಯಾರಿಕೆಗೆಂದು ರೂಪುಗೊಂಡಿದ್ದ ಕಾಟಿಯಾ ತಂತ್ರಾಂಶದಿಂದ. ಪ್ರತಿ ವಕ್ರರೇಖೆಯ ಅಳತೆಯನ್ನೂ ಕಾರ್ಖಾನೆಗೆ ನೇರವಾಗಿ ಕೊಡಲು ಬಂದ ಮೇಲೆ ವಿಚಿತ್ರ ಆಕಾರವು ಗುತ್ತಿಗೆದಾರನಿಗೆ ದುಃಸ್ವಪ್ನವಾಗಿ ಉಳಿಯಲಿಲ್ಲ. ಒಂದು ಅಳತೆ ಬದಲಿಸಿದರೆ ಇಡೀ ಆಕಾರವನ್ನು ಗಣಕವೇ ಹೊಂದಿಸಿಕೊಡುವ ಪ್ಯಾರಾಮೆಟ್ರಿಕ್ ವಿನ್ಯಾಸ ಬೆಳೆದದ್ದೂ ಇಂಥದೇ ಗಣಕಬಲದಿಂದ. ಹದೀದ್ ಅವರ ಬಾಕು ನಗರದ ಹೈದರ್ ಅಲಿಯೆವ್ ಕೇಂದ್ರದಲ್ಲಿ ನೆಲ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವುದು ಕಷ್ಟ.

ಪಡಸಾಲೆ

ಇಬ್ಬರಿಗೂ ವಂದನೆಗಳು. ಇವೆಲ್ಲ ಹಣವಂತ ನಗರಗಳ ಕಥೆಯಾದವು. ಈ ಇಪ್ಪತ್ತು ವರ್ಷಗಳಲ್ಲಿ ಬೇರೇನು ನಡೆದಿದೆ? ನಮ್ಮಲ್ಲಿ ನೋಡತಕ್ಕದ್ದು ಏನಾದರೂ ಇದೆಯೇ?

ಉತ್ತರ – ಕಲ್ಲುಚಪ್ಪಡಿ

ಬೇರೆಯದೇ ಒಂದು ಧಾರೆ ಬಲಗೊಂಡಿದೆ. ಬುರ್ಕಿನಾ ಫಾಸೋದ ಗಾಂಡೋ ಎಂಬ ಹಳ್ಳಿಯಲ್ಲಿ ಫ್ರಾನ್ಸಿಸ್ ಕೆರೆ ಕಟ್ಟಿದ ಶಾಲೆಯಲ್ಲಿ (2001) ಗೋಡೆಗಳು ತುಸು ಸಿಮೆಂಟು ಬೆರೆಸಿದ ಮಣ್ಣಿನ ಇಟ್ಟಿಗೆಯವು. ತಗಡಿನ ಮಾಡನ್ನು ಒಳಮಾಳಿಗೆಯಿಂದ ಎತ್ತರಕ್ಕೆ, ತೆಳು ಕಬ್ಬಿಣದ ಸರಳುಗಳ ಮೇಲೆ ನಿಲ್ಲಿಸಿರುವುದರಿಂದ ನಡುವೆ ಗಾಳಿಯಾಡಿ ತರಗತಿ ತಣ್ಣಗಿರುತ್ತದೆ. ಊರವರೇ ಕೈಜೋಡಿಸಿ ಕಟ್ಟಿದ ಶಾಲೆಯಿಂದ ಹೊರಟ ಈ ವಾಸ್ತುಶಿಲ್ಪಿಗೆ 2022ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಜ್ಕರ್ ಪ್ರಶಸ್ತಿ ಬಂತು. ಅದರ ಹಿಂದಿನ ವರ್ಷ ಅದನ್ನು ಪಡೆದ ಲಕಾತೋ ಮತ್ತು ವಸ್ಸಾಲ್ ಅವರದು ಕೆಡವುವುದಕ್ಕೇ ವಿರೋಧ: ಬೋರ್ಡೋ ನಗರದಲ್ಲಿ 530 ಮನೆಗಳ ಹಳೆಯ ಸರ್ಕಾರಿ ವಸತಿಗಳಿಗೆ ಹೊರಬದಿಯಿಂದ ವಿಶಾಲ ಮೊಗಸಾಲೆಗಳನ್ನು ಜೋಡಿಸಿದಾಗ ನಿವಾಸಿಗಳು ಮನೆ ಬಿಡಬೇಕಾಗಲಿಲ್ಲ.

ನಮ್ಮಲ್ಲಿ ನೋಡಬೇಕಾದದ್ದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ. ಇದನ್ನು ವಿನ್ಯಾಸ ಮಾಡಿದ ಬಾಲಕೃಷ್ಣ ದೋಶಿ (2018ರಲ್ಲಿ ಪ್ರಿಟ್ಜ್ಕರ್ ಪಡೆದ ಮೊದಲ ಭಾರತೀಯ) ಲ ಕಾರ್ಬೂಸಿಯೇ ಅವರ ಬಳಿ ಪ್ಯಾರಿಸ್ಸಿನಲ್ಲಿ ಪಳಗಿದವರು. ಹಾಗಾಗಿ ಕಾಂಕ್ರೀಟನ್ನು ಮುಚ್ಚುಮರೆಯಿಲ್ಲದೆ ಬಳಸುವ ಧೈರ್ಯ ಅವರಿಗಿತ್ತು. ಆದರೆ ಗೋಡೆಗೆ ಆರಿಸಿದ್ದು ಒರಟು ಬೂದು ಗ್ರಾನೈಟ್, ವಿನ್ಯಾಸಕ್ಕೆ ಪ್ರೇರಣೆ ಫತೇಪುರ್ ಸಿಕ್ರಿ. ಅಲ್ಲಿ ಮುಖ್ಯವಾದದ್ದು ತರಗತಿಗಳಿಗಿಂತ ಅವುಗಳ ನಡುವಿನ ಓಣಿಗಳು: ಕೆಲವು ಕಡೆ ಪೂರ್ಣ ಚಾವಣಿ, ಕೆಲವು ಕಡೆ ಬಳ್ಳಿ ಹಬ್ಬಿದ ಕಾಂಕ್ರೀಟ್ ತೊಲೆಗಳ ಚಪ್ಪರ, ಕೆಲವು ಕಡೆ ಬರಿಯ ಆಕಾಶ. ಅಗಲವೂ ಎತ್ತರವೂ ಬದಲಾಗುತ್ತ ಹೋಗುವುದರಿಂದ ಜನ ಅಲ್ಲಲ್ಲಿ ನಿಂತು ಮಾತಿಗಿಳಿಯುತ್ತಾರೆ, ದೋಶಿಯವರ ಉದ್ದೇಶವೂ ಅದೇ ಆಗಿತ್ತು. ವರ್ಷದ ಬಹುಪಾಲು ಹದವಾದ ಹವೆಯಿರುವ ಊರಿನಲ್ಲಿ ಮಾತ್ರ ಇಂಥ ತೆರೆದ ಓಣಿ ನಡೆಯುತ್ತದೆ. ಇದನ್ನು ವಿಮರ್ಶಕ ಕೆನೆತ್ ಫ್ರಾಂಪ್ಟನ್ 1983ರಲ್ಲಿ ಪ್ರತಿಪಾದಿಸಿದ ವಿಮರ್ಶಾತ್ಮಕ ಪ್ರಾದೇಶಿಕತೆಯ (ಆಧುನಿಕತೆಯನ್ನು ಬಿಡದೆ ಊರಿನ ಹವೆ, ನೆಲ, ಪರಂಪರೆಗೆ ತಕ್ಕಂತೆ ಕಟ್ಟಬೇಕೆಂಬ ನಿಲುವು) ಪಟ್ಟಿಗೂ ಸೇರಿಸಬಹುದು, ಆಧುನಿಕತಾವಾದದ ಪಟ್ಟಿಗೂ ಸೇರಿಸಬಹುದು. ಕಾಮಗಾರಿ ಆರಂಭವಾದದ್ದಂತೂ 1970ರ ದಶಕದಲ್ಲಿ, ಫ್ರಾಂಪ್ಟನ್ ಬರೆಯುವುದಕ್ಕೂ ಮೊದಲೇ.